ವಿಕಿರಣದ ನಂತರದ ಕೆಳದವಡೆ: ಮೂಳೆಸಾವಿನ ಕಾರಣವಾದಗಳೂ ಆಮ್ಲಜನಕ ಚಿಕಿತ್ಸೆಯ ಏಳುಬೀಳೂ

ತಲೆ-ಕುತ್ತಿಗೆಯ ಕ್ಯಾನ್ಸರಿಗೆ 60-70 ಗ್ರೇ ವಿಕಿರಣ ಪಡೆದವರ ಬಾಯಿಹುಣ್ಣು ಕೆಲವು ವಾರಗಳಲ್ಲಿ ಮಾಯುತ್ತದೆ. ಬಾಯೊಣಗು, ದವಡೆಬಿಗಿತ, ನುಂಗುವ ತೊಂದರೆ ವರ್ಷಗಟ್ಟಲೆ ಉಳಿಯುತ್ತವೆ. ವಿಕಿರಣಜನ್ಯ ಮೂಳೆಸಾವು, ಅಂದರೆ ಆಸ್ಟಿಯೋರೇಡಿಯೋನೆಕ್ರೋಸಿಸ್, ಇವುಗಳಷ್ಟು ಸಾಮಾನ್ಯವಲ್ಲ. ಆದರೂ ಕಾರಣದ ಕುರಿತ ಒಂದು ವಾದ ಚಿಕಿತ್ಸೆಯನ್ನು ಎಷ್ಟು ಕಾಲ ಆಳಬಲ್ಲದೆಂಬುದು ಇಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಡೆ ಕಾಣದು.

ಇದು ಹೆಚ್ಚಾಗಿ ಬರುವುದು ರಕ್ತಪೂರೈಕೆ ಕಡಿಮೆಯಿರುವ ಕೆಳದವಡೆಗೆ. ಒಸಡಿನಿಂದ ಹೊರಗೆ ಕಾಣುವ ಮೂಳೆ ಮೂರು ತಿಂಗಳಾದರೂ ಮುಚ್ಚದೆ, ಗಡ್ಡೆ ಮರುಕಳಿಸಿಲ್ಲವೆಂದೂ ಖಚಿತವಾದರೆ ರೋಗನಿರ್ಣಯ ಮಾಡುತ್ತಾರೆ. ಹಲ್ಲು ಕೀಳಿಸಿದ್ದೇ ಅನೇಕರಲ್ಲಿ ನೆಪ.

ವಿಕಿರಣ, ಗಾಯ, ಸೋಂಕು ಈ ಮೂರೂ ಕೂಡಿದರೆ ಮೂಳೆ ಸಾಯುತ್ತದೆಂದು 1970ರಲ್ಲಿ ಮೇಯರ್ ಹೇಳಿದ್ದರು. 1983ರಲ್ಲಿ ಮಾರ್ಕ್ಸ್ ಸೋಂಕನ್ನು ಬದಿಗಿಟ್ಟು, ಆಮ್ಲಜನಕ, ಜೀವಕೋಶ, ರಕ್ತನಾಳಗಳ ಕೊರತೆಯೇ ಮೂಲವೆಂದರು. ಹಾಗಿದ್ದರೆ ಆಮ್ಲಜನಕ ತುಂಬಿದರಾಯಿತಲ್ಲ! 1985ರಲ್ಲಿ ಅವರು ಪ್ರಕಟಿಸಿದ 74 ರೋಗಿಗಳ ಪ್ರಯೋಗದಲ್ಲಿ, ಹಲ್ಲು ಕಿತ್ತ ಮೇಲೆ ಮೂಳೆಸಾವು ಪೆನಿಸಿಲಿನ್ ಗುಂಪಿನಲ್ಲಿ ಸುಮಾರು ಶೇ. 30, ಅಧಿಕ ಒತ್ತಡದ ಆಮ್ಲಜನಕ ಪಡೆದವರಲ್ಲಿ ಶೇ. 5.4. ಹಲ್ಲು ಕೀಳುವ ಮುನ್ನ 20 ಬಾರಿ, ನಂತರ 10 ಬಾರಿ ಒತ್ತಡಕೋಣೆಯಲ್ಲಿ ಕೂರಿಸುವ ಪದ್ಧತಿ ಹೀಗೆ ಬೇರೂರಿತು. ಪೆನಿಸಿಲಿನ್ ಗುಂಪಿನ ಆ ಪ್ರಮಾಣ ಅಸಹಜವಾಗಿ ಹೆಚ್ಚೆಂಬ ಅನುಮಾನ ಆಗಲೇ ಬಲವಾಗಿ ಏಳಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಫ್ರಾನ್ಸಿನ ಅನಾನ್ ತಂಡ 2004ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮೂಳೆಸಾವು ಬಂದಾಗಿದ್ದವರ ಪೈಕಿ ಆಮ್ಲಜನಕ ಪಡೆದವರಲ್ಲಿ ಶೇ. 19, ಹುಸಿಚಿಕಿತ್ಸೆ ಪಡೆದವರಲ್ಲಿ ಶೇ. 32 ಮಂದಿ ಗುಣವಾದರು. 2019ರ ಹೋಪಾನ್ ಪ್ರಯೋಗ ತಡೆಗಟ್ಟುವ ಉಪಯೋಗವನ್ನೇ ಒರೆಗೆ ಹಚ್ಚಿತು: ಆರು ತಿಂಗಳಿಗೆ ಮೂಳೆಸಾವು ಆಮ್ಲಜನಕ ಗುಂಪಿನಲ್ಲಿ ಶೇ. 6.4, ಇನ್ನೊಂದರಲ್ಲಿ ಶೇ. 5.7.

ಈಗ ಮುನ್ನೆಲೆಯಲ್ಲಿರುವುದು ಡೆಲಾನಿಯನ್ ಮತ್ತು ಲೆಫೇ ಮಂಡಿಸಿದ, ವಿಕಿರಣದಿಂದ ಅಂಗಾಂಶ ನಾರುಗಟ್ಟುವುದೇ ಮೂಲವೆಂಬ ವಾದ. ಅದರ ಬೆನ್ನಿಗೇ ಪೆಂಟಾಕ್ಸಿಫಿಲಿನ್ ಮತ್ತು ಇ-ವಿಟಮಿನ್ ಬಂದಿವೆ. ಫಲಿತಾಂಶ ಆಶಾದಾಯಕ, ಆಧಾರಗಳಲ್ಲಿ ಬಹುಪಾಲು ಹೋಲಿಕೆ ಗುಂಪಿಲ್ಲದ ರೋಗಿವರದಿಗಳು. ವಾದ ಚೆಂದವಿದೆಯೆಂದು ಔಷಧವನ್ನು ಒಪ್ಪುವ ಆತುರ ಮತ್ತೆ ಕಾಣುತ್ತಿದೆ.

ನಮ್ಮಲ್ಲಿ ಅಡಿಕೆ, ಹೊಗೆಸೊಪ್ಪು ಜಗಿಯುವವರಿಗೆ ಕೆನ್ನೆಯ ಒಳಭಾಗ, ಒಸಡುಗಳಲ್ಲೇ ಗಡ್ಡೆ ಏಳುವುದರಿಂದ ಕೆಳದವಡೆ ವಿಕಿರಣಕ್ಕೆ ನೇರವಾಗಿ ಸಿಗುತ್ತದೆ. ಅಡಿಕೆಯಿಂದ ಮೊದಲೇ ಬಾಯಿ ಬಿಗಿದವರಿಗೆ ಹಲ್ಲಿನ ಆರೈಕೆಯೂ ಕಷ್ಟ. ಉಳಿಸಲಾಗದ ಹಲ್ಲುಗಳನ್ನು ವಿಕಿರಣಕ್ಕೆ ಎರಡು ವಾರ ಮೊದಲೇ ಕೀಳಬೇಕು. ವರ್ಷಗಳ ನಂತರ ಹಲ್ಲುನೋವೆಂದು ಬಂದವರಿಗೆ ಊರಿನ ದಂತವೈದ್ಯರು ‘ಕರೆಂಟು (ವಿಕಿರಣ) ಕೊಡಿಸಿಕೊಂಡಿದ್ದಿರಾ?’ ಎಂದು ಕೇಳಬಹುದು. ಯಾವ ಬದಿಗೆ, ದವಡೆಗೆಷ್ಟು ಗ್ರೇ ಎಂಬುದಕ್ಕೆ ಉತ್ತರ ಸಿಗಬೇಕಾದರೆ ಅದು ಬಿಡುಗಡೆ ಪತ್ರದಲ್ಲೇ ಇರಬೇಕು.