ಗಾಣ ನಿಲ್ಲುವ ದಿನ

ಮಹಾರಾಷ್ಟ್ರದ ಕೊಂಕಣ ಕರಾವಳಿಯಲ್ಲಿ ಎಣ್ಣೆ ತೆಗೆದು ಬದುಕುತ್ತಿದ್ದ ಒಂದು ಸಮುದಾಯವನ್ನು ನೆರೆಹೊರೆಯವರು ‘ಶನಿವಾರ ತೇಲಿ’ ಎಂದು ಕರೆಯುತ್ತಿದ್ದರು. ತೇಲಿ ಎಂದರೆ ನಮ್ಮ ಗಾಣಿಗ. ವಾರವೆಲ್ಲ ತಿರುಗುವ ಅವರ ಗಾಣ ಶನಿವಾರ ಮಾತ್ರ ನಿಲ್ಲುತ್ತಿತ್ತು. ಇವರು ಬೆನೆ ಇಸ್ರೇಲ್ ಯಹೂದಿಗಳು. ಉಳಿದ ಯಹೂದಿ ಲೋಕದಿಂದ ದೂರವಾಗಿ ಶತಮಾನಗಳನ್ನೇ ಕಳೆದ ಇವರ ಮನೆಮಾತು ಮರಾಠಿಯಾಗಿತ್ತು, ಹೀಬ್ರೂ ಬಹುಪಾಲು ಮರೆತುಹೋಗಿತ್ತು. ಆದರೂ ಏಳನೆಯ ದಿನ ಕೆಲಸಕ್ಕೆ ಕೈಹಚ್ಚಬಾರದೆಂಬುದು ತಲೆಮಾರಿನಿಂದ ತಲೆಮಾರಿಗೆ ದಾಟಿ ಬಂತು.

ಆ ದಿನದ ಹೆಸರು ಶಬ್ಬಾತ್. ಕನ್ನಡ ಬೈಬಲ್ ಓದಿದವರಿಗೆ ಇದು ‘ಸಬ್ಬತ್’ ಎಂದು ಪರಿಚಿತ. ಇದರ ಬೆನ್ನಿಗಿರುವ ಹೀಬ್ರೂ ಕ್ರಿಯಾಪದ ‘ಶಾವತ್’, ಅಂದರೆ ಮಾಡುತ್ತಿದ್ದುದನ್ನು ನಿಲ್ಲಿಸುವುದು. ಆದಿಕಾಂಡದ ಸೃಷ್ಟಿಕಥೆಯಲ್ಲಿ ದೇವರು ಏಳನೆಯ ದಿನ ಮಾಡಿದ್ದು ಇದನ್ನೇ. ಅಲ್ಲಿ ದಣಿವಿನ ಮಾತಿಲ್ಲ. ಕೆಲಸ ಪೂರ್ಣವಾಯಿತು, ನಿಲ್ಲಿಸಿದ, ಆ ದಿನವನ್ನು ಹರಸಿದ.

ಹತ್ತು ಆಜ್ಞೆಗಳು ಬೈಬಲಿನಲ್ಲಿ ಎರಡು ಕಡೆ ಬರುತ್ತವೆ. ಶಬ್ಬಾತ್‌ಗೆ ಎರಡೂ ಕಡೆ ಬೇರೆಬೇರೆ ಕಾರಣ ಕೊಟ್ಟಿದೆ. ವಿಮೋಚನಕಾಂಡದಲ್ಲಿ ಕಾರಣ ಸೃಷ್ಟಿ. ಅಲ್ಲಿನ ಕ್ರಿಯಾಪದ ‘ನೆನೆ’. ಧರ್ಮೋಪದೇಶಕಾಂಡದಲ್ಲಿ ಕಾರಣ ಈಜಿಪ್ಟಿನ ಗುಲಾಮಗಿರಿ. ಅಲ್ಲಿನ ಕ್ರಿಯಾಪದ ‘ಕಾಪಾಡು’. ಶುಕ್ರವಾರ ಸಂಜೆ ಯಹೂದಿ ಮನೆಗಳಲ್ಲಿ ಕನಿಷ್ಠ ಎರಡು ದೀಪ ಹಚ್ಚುವುದನ್ನು ಈ ಎರಡು ಕ್ರಿಯಾಪದಗಳಿಗೇ ಹೊಂದಿಸಿ ಹೇಳುವುದುಂಟು.

ದೀಪ ಹಚ್ಚುವ ಆ ಗಳಿಗೆಯನ್ನು ಹತ್ತಿರದಿಂದ ನೋಡಬೇಕು. ಯಹೂದಿಗಳಿಗೆ ದಿನ ಶುರುವಾಗುವುದು ಸಂಜೆಗೆ. ಸೂರ್ಯಾಸ್ತಕ್ಕೆ 18 ನಿಮಿಷ ಮುಂಚೆಯೇ ದೀಪ ಹಚ್ಚುವುದು ಅನೇಕ ಕಡೆ ವಾಡಿಕೆ. ಸಾಮಾನ್ಯವಾಗಿ ಸ್ತುತಿವಚನ ಮೊದಲು, ಕ್ರಿಯೆ ಆಮೇಲೆ. ಇಲ್ಲಿ ಅನೇಕ ಮನೆಗಳಲ್ಲಿ ಅದು ನಡೆಯುವುದಿಲ್ಲ. ವಚನ ಹೇಳಿದೊಡನೆ ಶಬ್ಬಾತ್ ಬಂದುಬಿಡುತ್ತದೆ, ಶಬ್ಬಾತ್‌ನಲ್ಲಿ ಬೆಂಕಿ ಹೊತ್ತಿಸುವಂತಿಲ್ಲ. ಹಾಗಾಗಿ ಮನೆಯೊಡತಿ ಮೊದಲು ದೀಪ ಹಚ್ಚಿ, ಕೂಡಲೇ ಅಂಗೈಗಳಿಂದ ಕಣ್ಣು ಮುಚ್ಚಿಕೊಂಡು ವಚನ ಹೇಳುತ್ತಾಳೆ. ಕೈ ತೆಗೆದಾಗ ಆ ಬೆಳಕನ್ನು ಆಗಷ್ಟೇ ಕಂಡಂತೆ. ಊಟದ ಮೇಜಿನ ಮೇಲೆ ಬಟ್ಟೆ ಹೊದಿಸಿದ ಎರಡು ರೊಟ್ಟಿ. ಈಜಿಪ್ಟ್ ಬಿಟ್ಟು ಬಂದವರಿಗೆ ಮರಳುಗಾಡಿನಲ್ಲಿ ಆಕಾಶದಿಂದ ಬಿದ್ದ ಮನ್ನ ಎಂಬ ಆಹಾರ ಶುಕ್ರವಾರ ಇಮ್ಮಡಿ ಸಿಗುತ್ತಿತ್ತು ಎಂಬುದರ ನೆನಪು ಅದು.

ಏನನ್ನು ನಿಲ್ಲಿಸಬೇಕು? ಮಿಷ್ನಾ ಎಂಬ ಧರ್ಮಶಾಸ್ತ್ರ ಗ್ರಂಥ 39 ಬಗೆಯ ಕೆಲಸಗಳನ್ನು ಪಟ್ಟಿ ಮಾಡುತ್ತದೆ. ಉಳುವುದು, ಬಿತ್ತುವುದು, ಕುಯ್ಯುವುದು, ನೇಯುವುದು, ಎರಡಕ್ಷರ ಬರೆಯುವುದು, ಬೆಂಕಿ ಹಚ್ಚುವುದು, ಆರಿಸುವುದು. ಲೋಕವನ್ನು ನಮ್ಮಿಷ್ಟಕ್ಕೆ ತಿದ್ದುವ ಕೆಲಸಗಳಿವು. ಒಂದು ದಿನ ಲೋಕ ಇದ್ದ ಹಾಗೆಯೇ ಇರಲಿ ಎಂಬ ಶಿಸ್ತು ಈ ಪಟ್ಟಿಯಲ್ಲಿದೆ. ಆದರೆ ಜೀವಕ್ಕೆ ಅಪಾಯ ಒದಗಿದರೆ ಈ ನಿಷೇಧಗಳನ್ನು ಮುರಿಯಲೇಬೇಕು. ಆಗ ಮುರಿಯುವುದೇ ಧರ್ಮ.

ಪದವೂ ಆ ಜನರಂತೆ ಊರೂರು ಸುತ್ತಿತು. ಅರಬ್ಬಿಯ ಶನಿವಾರ ‘ಸಬ್ತ್’, ಸ್ಪ್ಯಾನಿಷ್‌ನ ಶನಿವಾರ ‘ಸಾಬದೊ’, ರಷ್ಯನ್ನರದು ‘ಸುಬ್ಬೋತ’. ಹೊಲವನ್ನು ಏಳು ವರ್ಷಕ್ಕೊಮ್ಮೆ ಬೀಳು ಬಿಡಬೇಕೆಂಬ ನಿಯಮವೂ ಶಬ್ಬಾತ್‌ನ ಹೆಸರಲ್ಲೇ ಇದೆ. ವಿಶ್ವವಿದ್ಯಾಲಯದ ಅಧ್ಯಾಪಕರು ಇಂದು ಪಡೆಯುವ ಸಬ್ಬಾಟಿಕಲ್ ಅಲ್ಲಿಂದ ಹುಟ್ಟಿದ್ದು. ಉಪವಾಸವಿದ್ದು ತಪ್ಪಿಗೆ ಕ್ಷಮೆ ಬೇಡುವ ಯೋಮ್ ಕಿಪ್ಪುರ್ ದಿನವನ್ನು ಬೈಬಲ್ ‘ಶಬ್ಬಾತ್ ಶಬ್ಬಾತೋನ್’ ಎನ್ನುತ್ತದೆ, ಎಲ್ಲವನ್ನೂ ಪೂರ್ತಿಯಾಗಿ ನಿಲ್ಲಿಸುವ ದಿನ. ಇಂದಿನ ಇಸ್ರೇಲಿನಲ್ಲಿ ಕಾರ್ಮಿಕರು ಮುಷ್ಕರ ಹೂಡಿದರೆ ಅದಕ್ಕೆ ‘ಶ್ವಿತಾ’ ಎನ್ನುತ್ತಾರೆ. ಅದೂ ಇದೇ ಧಾತುವಿನ ಕೂಸು.

ಶಬ್ಬಾತ್‌ಗೂ ಮುಷ್ಕರಕ್ಕೂ ಒಂದೇ ಧಾತು ಒದಗಿದ್ದು ನನಗೆ ಬಹಳ ಸರಿಯೆನಿಸುತ್ತದೆ. ನಾವು ಬಳಸುವ ‘ರಜೆ’ ಉರ್ದು–ಪಾರಸಿಯ ‘ರಜಾ’ದಿಂದ ಬಂದದ್ದು, ಅಲ್ಲಿ ಅದರ ಅರ್ಥ ಒಪ್ಪಿಗೆ. ಆದ್ದರಿಂದಲೇ ರಜೆಗೆ ಅರ್ಜಿ ಬೇಕು, ಮೇಲಿನವರ ಮಂಜೂರಾತಿ ಬೇಕು. ಶಬ್ಬಾತ್‌ಗೆ ಅರ್ಜಿಯಿಲ್ಲ. ಆಜ್ಞೆ ಮನೆಯ ಯಜಮಾನನಷ್ಟಕ್ಕೇ ನಿಲ್ಲದೆ ಅವನ ಮಗ, ಮಗಳು, ಆಳು, ದಾಸಿ, ಎತ್ತು, ಕತ್ತೆ, ಊರಲ್ಲಿರುವ ಪರದೇಶಿಯವರೆಗೂ ಹೋಗುತ್ತದೆ. ಒಡೆಯನೂ ಆಳೂ ಒಟ್ಟಿಗೆ ನಿಲ್ಲಿಸಬೇಕು. ಬಿಡುವನ್ನು ದಯಪಾಲಿಸುವ ಅಧಿಕಾರ ಒಡೆಯನಿಗಿಲ್ಲ, ಕಸಿದುಕೊಳ್ಳುವ ಅಧಿಕಾರವಂತೂ ಇಲ್ಲವೇ ಇಲ್ಲ. ಈಜಿಪ್ಟಿನಲ್ಲಿ ಇಟ್ಟಿಗೆ ಹೊತ್ತು ಬೆನ್ನು ಬಾಗಿದ್ದ ಜನ ಬಿಡುಗಡೆಯಾದ ಮೇಲೆ ಬರೆದುಕೊಂಡ ಕಾನೂನು ಇದು. ನಿಲ್ಲಿಸುವ ಹಕ್ಕಿಲ್ಲದವನು ಗುಲಾಮ ಎಂಬುದು ಅವರಿಗೆ ಮೈಯಾರೆ ಗೊತ್ತಿತ್ತು. ಭಾನುವಾರವೂ ದುಡಿಯದೆ ವಿಧಿಯಿಲ್ಲದವರು ನಮ್ಮ ಸುತ್ತ ಎಷ್ಟು ಮಂದಿ ಇದ್ದಾರೆ ಎಂದು ಎಣಿಸುವ ಯಾರಿಗೇ ಆಗಲಿ, ಈ ಹಳೆಯ ಪದದ ಕೆಲಸ ಇನ್ನೂ ಮುಗಿದಿಲ್ಲವೆಂದು ಅರ್ಥವಾಗುತ್ತದೆ.