ನಲವತ್ತು ಲೀಟರ್ ರಸ, ಒಂದು ಲೀಟರ್ ಪಾಕ

ಆಲೆಮನೆಯಲ್ಲಿ ಒಂದು ಅನುಕೂಲವಿದೆ: ರಸ ಹಿಂಡಿದ ಮೇಲೆ ಉಳಿಯುವ ಕಬ್ಬಿನ ಸಿಪ್ಪೆಯೇ ಒಲೆಗೆ ಉರುವಲು. ಉತ್ತರ ಅಮೆರಿಕದ ಮೇಪಲ್ ಸಿರಪ್ ಮಾಡುವವರಿಗೆ ಆ ಭಾಗ್ಯವಿಲ್ಲ. ಚಳಿಗಾಲದ ಕೊನೆಗೆ, ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವ ಕೆಲವೇ ವಾರಗಳಲ್ಲಿ ಮರದಿಂದ ತೊಟ್ಟಿಕ್ಕುವ ರಸದಲ್ಲಿ ಸಕ್ಕರೆ ಶೇ. 2ರಷ್ಟು ಮಾತ್ರ. 1 ಲೀಟರ್ ಸಿರಪ್‌ಗೆ ಸುಮಾರು 40 ಲೀಟರ್ ರಸ ಬೇಕು. ಮಿಕ್ಕ ನೀರನ್ನೆಲ್ಲ ಆವಿಯಾಗಿಸಲು ಇನ್ನೊಂದು ಮರವನ್ನೇ ಸುಡಬೇಕು.

ಈ ಕೆಲಸವನ್ನು ಮೊದಲು ಕಂಡುಕೊಂಡವರು ಅಲ್ಲಿನ ಮೂಲನಿವಾಸಿಗಳು. ರಸವನ್ನು ರಾತ್ರಿ ಹೊರಗಿಟ್ಟು, ಮೇಲೆ ಕಟ್ಟಿದ ಮಂಜುಗಡ್ಡೆಯನ್ನು ಎತ್ತಿ ಎಸೆಯುವ ಕ್ರಮವೂ ಅವರಲ್ಲಿತ್ತು. ಹೆಪ್ಪುಗಟ್ಟುವುದು ಬಹುಮಟ್ಟಿಗೆ ನೀರು. ಸಿಹಿ ಕೆಳಗೆ ಉಳಿಯುತ್ತದೆ. ಯುರೋಪಿನ ವಲಸಿಗರು ಕಬ್ಬಿಣದ ಕೊಪ್ಪರಿಗೆಗಳನ್ನು ಬಯಲಿನ ಬೆಂಕಿಯ ಮೇಲೆ ಸಾಲಾಗಿ ತೂಗುಹಾಕಿದರು. ಶಾಖದ ಬಹುಪಾಲು ಗಾಳಿಪಾಲಾಯಿತು.

1791ರಲ್ಲಿ ಫಿಲಡೆಲ್ಫಿಯಾದ ವೈದ್ಯ ಬೆಂಜಮಿನ್ ರಷ್, ಥಾಮಸ್ ಜೆಫರ್ಸನ್‌ಗೆ ಬರೆದ ದೀರ್ಘ ಪತ್ರದಲ್ಲಿ ಮೇಪಲ್ ಸಕ್ಕರೆಯ ಪರ ವಾದಿಸಿದ. ಗುಲಾಮರ ದುಡಿಮೆಯಿಂದ ಬರುವ ವೆಸ್ಟ್ ಇಂಡೀಸ್ ಸಕ್ಕರೆಗೆ ಅದು ಪರ್ಯಾಯವಾಗಲಿ ಎಂಬುದು ಅವನ ಆಸೆ. ಆದರೆ ಕಬ್ಬಿನ ಸಕ್ಕರೆಯನ್ನು ಸೋಲಿಸುವುದು ಮೇಪಲ್‌ಗೆ ಆಗಲಿಲ್ಲ. ಕ್ರಮೇಣ ಅದು ಸಕ್ಕರೆಯಾಗುವುದನ್ನು ಬಿಟ್ಟು ಸಿರಪ್ ಆಗಿ ಉಳಿಯಿತು.

ಒಲೆ ಸುಧಾರಿಸಿದ್ದು 19ನೇ ಶತಮಾನದಲ್ಲಿ. ಕೊಪ್ಪರಿಗೆಯ ಜಾಗಕ್ಕೆ ಅಗಲವಾದ ಚಪ್ಪಟೆ ಬಾಣಲೆ, ಬಯಲು ಬೆಂಕಿಯ ಜಾಗಕ್ಕೆ ಕಲ್ಲು ಕಟ್ಟಿದ ಒಲೆ ಬಂದವು. 1858ರಲ್ಲಿ ಒಹಾಯೋದ ಡಿ. ಎಂ. ಕುಕ್, ಸಿಹಿ ಜೋಳದ ದಂಟಿನ ರಸ ಕಾಯಿಸಲು ಅಡ್ಡಗೋಡೆಗಳಿರುವ ಬಾಣಲೆಗೆ ಪೇಟೆಂಟ್ ಪಡೆದ. ಒಂದು ತುದಿಯಲ್ಲಿ ಹಸಿ ರಸ ಸುರಿದರೆ ಅದು ಹಾವಿನಂತೆ ಸುತ್ತಿ ಹರಿದು ಇನ್ನೊಂದು ತುದಿಯಲ್ಲಿ ಪಾಕವಾಗುತ್ತಿತ್ತು. ಮೇಪಲ್ ಒಲೆಗಳಲ್ಲೂ ಇದೇ ತತ್ತ್ವ ನೆಲೆಯೂರಿತು. ಮುಂದೆ ಬಾಣಲೆಯ ತಳಕ್ಕೇ ಸೀರೆಯ ನೆರಿಗೆಯಂತೆ ಮಡಿಕೆಗಳು ಬಂದವು. ಜ್ವಾಲೆ ಆ ಮಡಿಕೆಗಳ ನಡುವೆ ನುಗ್ಗಿ, ಶಾಖ ತಾಗುವ ಮೈ ಹಲವು ಪಟ್ಟು ಹೆಚ್ಚಿತು.

ಆದರೂ ಲೆಕ್ಕ ಕಠಿಣವೇ. 40 ಲೀಟರ್ ರಸವನ್ನು ಕಾಯಿಸಿ ಆವಿಯಾಗಿಸಲು ಸುಮಾರು 100 ಮೆಗಾಜೂಲ್ ಶಾಖ ಬೇಕು. ಒಣ ಸೌದೆ ಕಿಲೋಗೆ ಸುಮಾರು 15 ಕೊಡುತ್ತದೆ. ಒಂದಿಷ್ಟೂ ಪೋಲಾಗದಿದ್ದರೂ 7 ಕಿಲೋ ಬೇಕು. ಮೂರರಲ್ಲಿ ಎರಡು ಪಾಲು ಶಾಖ ಚಿಮಣಿಗೆ ಹೋದರೆ 20 ಕಿಲೋ.

ಹಾಗಾಗಿ ನಂತರದ ಗಮನವೆಲ್ಲ ಗಾಳಿಯ ಮೇಲೆ. ಸೌದೆ ಕಾದಾಗ ಹೊರಬರುವ ಅನಿಲ ಉರಿಯದೆ ಹೋದರೆ ಅದೇ ಕಪ್ಪು ಹೊಗೆ. ಬ್ಲೋವರ್‌ನಿಂದ ಕೆಂಡದ ಕೆಳಗಷ್ಟೇ ಅಲ್ಲ, ಜ್ವಾಲೆಯ ಮೇಲೂ ಗಾಳಿ ಹಾಯಿಸಿದರೆ ಆ ಅನಿಲ ಒಲೆಯೊಳಗೇ ಉರಿಯುತ್ತದೆ. ಒಲೆಯ ಒಳಗೋಡೆಗೆ ಶಾಖ ತಡೆಯುವ ಹೊದಿಕೆ, ಬಾಣಲೆಯಿಂದೇಳುವ ಹಬೆಯಲ್ಲೇ ಹಸಿ ರಸವನ್ನು ಮೊದಲು ಬಿಸಿಮಾಡುವ ಕೊಳವೆ ಸೇರಿದವು. ಒಲೆ ಉರಿಸುವವರ ಶಿಸ್ತೂ ಅಷ್ಟೇ ಮುಖ್ಯ: ಸೌದೆ ಚೆನ್ನಾಗಿ ಒಣಗಿರಬೇಕು, ಸಣ್ಣಗೆ ಸೀಳಿರಬೇಕು, ಸ್ವಲ್ಪಸ್ವಲ್ಪವಾಗಿ ಹಾಕಬೇಕು. ಬಾಗಿಲು ತೆರೆದಷ್ಟು ಹೊತ್ತೂ ತಣ್ಣನೆಯ ಗಾಳಿ ನುಗ್ಗಿ ಕುದಿ ಇಳಿಯುತ್ತದೆ.

1970ರ ದಶಕದಲ್ಲಿ ರಿವರ್ಸ್ ಆಸ್ಮೋಸಿಸ್ ಯಂತ್ರ ಬಂತು, ನಮ್ಮ ಅಡುಗೆಮನೆಯ ನೀರಿನ ಫಿಲ್ಟರ್‌ನ ತತ್ತ್ವವೇ. ಶೇ. 2ರ ರಸವನ್ನು ಶೇ. 8ಕ್ಕೆ ತಂದರೆ ನೀರಿನ ಮುಕ್ಕಾಲು ಪಾಲು ಬೆಂಕಿ ಕಾಣುವ ಮೊದಲೇ ಹೊರಟುಹೋಗುತ್ತದೆ. ಒಲೆಯ ಶತಮಾನದ ಸುಧಾರಣೆಗಳು ಉಳಿಸಿದ ಸೌದೆಗಿಂತ ಹೆಚ್ಚನ್ನು ಇದೊಂದೇ ಉಳಿಸಬಲ್ಲದು. ಕುದಿಸದೆ ನೀರು ತೆಗೆಯುವ ಈ ಉಪಾಯ ಹೊಸದೇನಲ್ಲ. ರಾತ್ರಿ ಕಟ್ಟಿದ ಮಂಜುಗಡ್ಡೆಯನ್ನು ಬೆಳಿಗ್ಗೆ ಎತ್ತಿ ಎಸೆದವರಿಗೆ ಅದು ತಿಳಿದಿತ್ತು.