ಎಣಿಕೆ ಎಲ್ಲಿಂದ ಆರಂಭವಾಗಬೇಕು? ಅಶ್ಕೆನಾಜಿ ಯಹೂದಿಗಳ ಬಿಆರ್‌ಸಿಎ ಅಧ್ಯಯನಗಳು ಮತ್ತು ಆನುವಂಶಿಕ ಕ್ಯಾನ್ಸರ್ ಅಪಾಯದ ಅಳತೆ

ಸ್ತನ ಕ್ಯಾನ್ಸರ್ ಕೆಲವು ಮನೆತನಗಳನ್ನು ಬಿಡದೆ ಕಾಡುತ್ತದೆ ಎಂಬ ತಿಳಿವಳಿಕೆ ಹೊಸದಲ್ಲ. ಫ್ರಾನ್ಸಿನ ಶಸ್ತ್ರವೈದ್ಯ ಪಾಲ್ ಬ್ರೋಕಾ ತನ್ನ ಹೆಂಡತಿಯ ತವರಿನ ಹಲವು ತಲೆಮಾರುಗಳ ಕ್ಯಾನ್ಸರ್ ಸಾವುಗಳನ್ನು 1866ರಲ್ಲಿಯೇ ದಾಖಲಿಸಿ ಪ್ರಕಟಿಸಿದ್ದ. ಇದರ ಹಿಂದೆ ನಿರ್ದಿಷ್ಟ ವಂಶವಾಹಿಯೊಂದಿದೆ ಎಂದು ತೋರಿಸಲು ನೂರಿಪ್ಪತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. 1990ರಲ್ಲಿ ಮೇರಿ-ಕ್ಲೇರ್ ಕಿಂಗ್ ಅದರ ನೆಲೆಯನ್ನು 17ನೆಯ ವರ್ಣತಂತುವಿನ ಮೇಲೆ ಗುರುತಿಸಿದರು. 1994ರಲ್ಲಿ ಅಮೆರಿಕದ ಯೂಟಾದ ತಂಡ ಬಿಆರ್‌ಸಿಎ1 ವಂಶವಾಹಿಯನ್ನು ಪ್ರತ್ಯೇಕಿಸಿತು. ಮರುವರ್ಷ ಬ್ರಿಟನ್ನಿನ ಮೈಕೆಲ್ ಸ್ಟ್ರಾಟನ್ ತಂಡ 13ನೆಯ ವರ್ಣತಂತುವಿನಲ್ಲಿ ಬಿಆರ್‌ಸಿಎ2 ಅನ್ನು ಕಂಡುಹಿಡಿಯಿತು.

ವಂಶವಾಹಿ ಸಿಕ್ಕಿದ ಮೇಲೆ ಎದುರಾದ ಪ್ರಶ್ನೆಯೇ ಈ ಲೇಖನದ ವಿಷಯ. ಈ ವಂಶವಾಹಿಗಳಲ್ಲೊಂದರ ವಿಕೃತಿ (ಮ್ಯುಟೇಶನ್) ಹೊತ್ತ ಹೆಣ್ಣುಮಗಳಿಗೆ ಕ್ಯಾನ್ಸರ್ ಬರುವ ಸಂಭವ ಎಷ್ಟು? ಆ ಸಂಖ್ಯೆಯನ್ನು ನಂಬಿ ಒಬ್ಬ ಆರೋಗ್ಯವಂತೆ ತನ್ನ ಅಂಡಾಶಯಗಳನ್ನು ತೆಗೆಸಿಕೊಳ್ಳುತ್ತಾಳೆ, ಇನ್ನೊಬ್ಬಳು ಸ್ತನಗಳನ್ನೇ ಕಳೆದುಕೊಳ್ಳುತ್ತಾಳೆ. ಹೀಗಿರುವಾಗ ಆ ಸಂಖ್ಯೆ ಯಾರನ್ನು ಎಣಿಸಿ ಬಂದದ್ದು ಎಂದು ವಿಚಾರಿಸದೆ ಅದನ್ನು ಬಳಸುವುದು ತಪ್ಪು ಎಂಬುದು ನನ್ನ ವಾದ.

ಬಿಆರ್‌ಸಿಎ ಪ್ರೋಟೀನುಗಳ ಕೆಲಸ ರಿಪೇರಿ. ಡಿಎನ್‌ಎಯ ಎರಡೂ ಎಳೆಗಳು ತುಂಡಾದಾಗ, ಜೋಡಿ ಪ್ರತಿಯನ್ನು ನೋಡಿಕೊಂಡು ತಪ್ಪಿಲ್ಲದೆ ಸೇರಿಸುವ ವ್ಯವಸ್ಥೆಗೆ ಅವು ಅಗತ್ಯ. ತಂದೆಯಿಂದಲೋ ತಾಯಿಯಿಂದಲೋ ಒಂದು ಕೆಟ್ಟ ಪ್ರತಿ ಬಂದಿದ್ದರೆ ಉಳಿದ ಒಳ್ಳೆಯ ಪ್ರತಿ ಕೆಲಸ ನಡೆಸುತ್ತದೆ. ಸ್ತನದ ಅಥವಾ ಅಂಡಾಶಯದ ಯಾವುದೋ ಒಂದು ಜೀವಕೋಶದಲ್ಲಿ ಆ ಪ್ರತಿಯೂ ಕೈಕೊಟ್ಟರೆ ದೋಷಗಳು ರಾಶಿ ಬೀಳತೊಡಗುತ್ತವೆ. ಮಗುವಿಗೆ ಕೆಟ್ಟ ಪ್ರತಿ ದಾಟುವ ಸಾಧ್ಯತೆ ಅರ್ಧಕ್ಕರ್ಧ, ಗಂಡುಮಗುವಿಗೂ ಅಷ್ಟೇ. ಗಂಡಸರಲ್ಲಿ ಅದು ಬಹುಪಾಲು ಸದ್ದಿಲ್ಲದೆ ಇರುತ್ತದೆ. ಮುಂದಿನ ಚರ್ಚೆಗೆ ಈ ಒಂದು ಸಂಗತಿ ಬಹಳ ಮುಖ್ಯ.

ಮಧ್ಯ ಮತ್ತು ಪೂರ್ವ ಯುರೋಪಿನಲ್ಲಿ ನೆಲೆಸಿದ್ದ ಯಹೂದಿಗಳ ಸಂತತಿಯೇ ಅಶ್ಕೆನಾಜಿಗಳು. ಇಂದು ಕೋಟಿಯ ಆಸುಪಾಸಿನಲ್ಲಿರುವ ಈ ಸಮುದಾಯ ಸುಮಾರು ಆರುನೂರರಿಂದ ಎಂಟುನೂರು ವರ್ಷಗಳ ಹಿಂದೆ ಕೆಲವೇ ನೂರು ಜನರಿಗೆ ಇಳಿದಿತ್ತು ಎಂದು 2014ರ ಜೀನೋಮ್ ಅಧ್ಯಯನವೊಂದು ಅಂದಾಜಿಸಿದೆ. ಅಷ್ಟು ಸಣ್ಣ ಗುಂಪು ತನ್ನೊಳಗೇ ಮದುವೆಯಾಗುತ್ತ ಬೆಳೆದಾಗ, ಆ ಕೆಲವರಲ್ಲಿ ಆಕಸ್ಮಿಕವಾಗಿ ಇದ್ದ ವಿಕೃತಿಗಳೂ ಜೊತೆಗೇ ಹೆಚ್ಚುತ್ತವೆ. ಇದನ್ನೇ ಸ್ಥಾಪಕ ಪರಿಣಾಮ ಎನ್ನುತ್ತಾರೆ. ಬಿಆರ್‌ಸಿಎ1ರಲ್ಲಿ 185ಡೆಲ್‌ಎಜಿ ಮತ್ತು 5382ಇನ್ಸ್‌ಸಿ, ಬಿಆರ್‌ಸಿಎ2ರಲ್ಲಿ 6174ಡೆಲ್‌ಟಿ ಎಂಬ ಮೂರು ವಿಕೃತಿಗಳು ಹೀಗೆ ಉಳಿದುಬಂದವು. ಅಶ್ಕೆನಾಜಿಗಳಲ್ಲಿ ಸುಮಾರು 40 ಮಂದಿಯಲ್ಲಿ ಒಬ್ಬರು ಇವುಗಳಲ್ಲೊಂದರ ವಾಹಕರು. ಉಳಿದ ಪಾಶ್ಚಾತ್ಯ ಜನಸಮುದಾಯದಲ್ಲಿ ಬಿಆರ್‌ಸಿಎ ವಾಹಕರ ಪ್ರಮಾಣ ಇದಕ್ಕಿಂತ ಎಷ್ಟೋ ಪಾಲು ಕಡಿಮೆ. ಅಶ್ಕೆನಾಜಿಗಳಲ್ಲಿ ಮೂರೇ ತಾಣಗಳನ್ನು ಪರೀಕ್ಷಿಸಿದರೆ ಬಹುತೇಕ ವಾಹಕರು ಸಿಗುವುದರಿಂದ, ಪರೀಕ್ಷೆ ದುಬಾರಿಯಾಗಿದ್ದ ಕಾಲದಲ್ಲೂ ಸಾವಿರಾರು ಜನರನ್ನು ಪರೀಕ್ಷಿಸಲು ಸಾಧ್ಯವಾಯಿತು.

ಮೊದಲ ಅಂದಾಜುಗಳು ಬಂದದ್ದು ನಾಲ್ಕಾರು ಮಂದಿ ರೋಗಿಗಳಿದ್ದ ಕುಟುಂಬಗಳಿಂದ. ಬಿಆರ್‌ಸಿಎ1 ವಾಹಕಿಗೆ 70ನೆಯ ವಯಸ್ಸಿನೊಳಗೆ ಸ್ತನ ಕ್ಯಾನ್ಸರ್ ಬರುವ ಸಂಭವ ಶೇ. 80ಕ್ಕೂ ಮೇಲೆ ಎಂದು ಅವು ಹೇಳಿದವು. ಆದರೆ ಆ ಕುಟುಂಬಗಳು ಅಧ್ಯಯನಕ್ಕೆ ಆಯ್ಕೆಯಾದದ್ದೇ ಅಲ್ಲಿ ಕ್ಯಾನ್ಸರ್ ಹೆಚ್ಚಿದ್ದುದರಿಂದ. 1997ರಲ್ಲಿ ವಾಷಿಂಗ್ಟನ್ ಪ್ರದೇಶದ 5,318 ಯಹೂದಿ ಸ್ವಯಂಸೇವಕರ ರಕ್ತ ಪರೀಕ್ಷಿಸಿ, ಅವರ ಹತ್ತಿರದ ಬಂಧುಗಳ ರೋಗಚರಿತ್ರೆ ಕೇಳಿ ಪ್ರಕಟಿಸಿದ ಅಧ್ಯಯನದಲ್ಲಿ ಅದೇ ವಯಸ್ಸಿನ ಅಪಾಯ ಶೇ. 56ಕ್ಕೆ, ಅಂಡಾಶಯದ್ದು ಶೇ. 16ಕ್ಕೆ ಇಳಿಯಿತು. ಅಲ್ಲಿ ವಾಹಕರು 120 ಮಂದಿ. ಬಂಧುಗಳನ್ನು ಪರೀಕ್ಷಿಸಿರಲಿಲ್ಲ, ಅವರ ವಾಹಕತ್ವವನ್ನು ಲೆಕ್ಕದಿಂದ ಊಹಿಸಲಾಗಿತ್ತು. 2003ರಲ್ಲಿ ಕಿಂಗ್ ಮತ್ತು ಸಂಗಡಿಗರು ನ್ಯೂಯಾರ್ಕಿನ 1,008 ಯಹೂದಿ ರೋಗಿಗಳಿಂದ ಹೊರಟು, ಬಂಧುಗಳನ್ನೂ ನೇರವಾಗಿ ಪರೀಕ್ಷಿಸಿದಾಗ ಜೀವಿತಾವಧಿಯ ಸ್ತನ ಕ್ಯಾನ್ಸರ್ ಅಪಾಯ ಮತ್ತೆ ಶೇ. 82ಕ್ಕೆ ಏರಿತು. ಅದೇ ಅಧ್ಯಯನದ ಇನ್ನೊಂದು ಅಂಶಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ: 50ನೆಯ ವಯಸ್ಸಿನೊಳಗಿನ ಅಪಾಯ 1940ಕ್ಕೆ ಮೊದಲು ಹುಟ್ಟಿದ ವಾಹಕಿಯರಲ್ಲಿ ಶೇ. 24 ಇದ್ದರೆ, ಆಮೇಲೆ ಹುಟ್ಟಿದವರಲ್ಲಿ ಶೇ. 67. ವಿಕೃತಿ ಅದೇ, ಬದಲಾದದ್ದು ಬದುಕಿನ ರೀತಿ. ಹದಿಹರೆಯದಲ್ಲಿ ದೇಹಶ್ರಮ ಇದ್ದವರಲ್ಲಿ, ಬೊಜ್ಜು ಇಲ್ಲದಿದ್ದವರಲ್ಲಿ ರೋಗ ತಡವಾಗಿ ಕಾಣಿಸಿಕೊಂಡಿತ್ತು.

ರೋಗಿಗಳಿಂದಲೇ ಎಣಿಕೆ ಆರಂಭಿಸುತ್ತಿರುವವರೆಗೆ, ರೋಗ ಹೆಚ್ಚಿರುವ ಮನೆಗಳೇ ಲೆಕ್ಕಕ್ಕೆ ಬಂದಿರಬಹುದೆಂಬ ಅನುಮಾನ ಪೂರ್ತಿ ಹೋಗುವುದಿಲ್ಲ. ಅದನ್ನು ನಿವಾರಿಸಿದ್ದು ಜೆರುಸಲೇಮಿನ ಎಫ್ರಾತ್ ಲೆವಿ-ಲಹಾದ್ ಮತ್ತು ಕಿಂಗ್ ತಂಡಗಳು 2014ರಲ್ಲಿ ಪ್ರಕಟಿಸಿದ ಕೆಲಸ. ಈ ಇಡೀ ಕ್ಷೇತ್ರದಲ್ಲಿ ನಾನು ಅತ್ಯಂತ ಮೆಚ್ಚುವ ವಿನ್ಯಾಸ ಅದು. ಅವರು ಎಣಿಕೆಯನ್ನು ಆರಂಭಿಸಿದ್ದು ಗಂಡಸರಿಂದ. ಇಸ್ರೇಲಿನ 8,195 ಆರೋಗ್ಯವಂತ ಅಶ್ಕೆನಾಜಿ ಗಂಡಸರನ್ನು ಪರೀಕ್ಷಿಸಿ 175 ವಾಹಕರನ್ನು ಗುರುತಿಸಿದರು. ಆಮೇಲೆ ಅವರ ತಾಯಿ, ಅಕ್ಕತಂಗಿ, ಹೆಣ್ಣುಮಕ್ಕಳು ಮುಂತಾದ ಬಂಧುಗಳನ್ನು ಪರೀಕ್ಷೆಗೆ ಕರೆದರು. ಗಂಡಸು ಅಧ್ಯಯನಕ್ಕೆ ಬಂದದ್ದು ಮನೆಯಲ್ಲಿ ಕ್ಯಾನ್ಸರ್ ಇದೆ ಎಂಬ ಕಾರಣಕ್ಕಲ್ಲ. ಹಾಗಾಗಿ ಅವನ ಮೂಲಕ ಸಿಕ್ಕ ವಾಹಕಿಯರು ರೋಗದ ಆಧಾರದ ಮೇಲೆ ಆಯ್ಕೆಯಾದವರಲ್ಲ. ಹೀಗೆ ಅಳೆದರೂ ಸ್ತನ ಅಥವಾ ಅಂಡಾಶಯ, ಎರಡರಲ್ಲೊಂದು ಕ್ಯಾನ್ಸರ್ 80ನೆಯ ವಯಸ್ಸಿನೊಳಗೆ ಬರುವ ಸಂಭವ ಬಿಆರ್‌ಸಿಎ1ಕ್ಕೆ ಶೇ. 83, ಬಿಆರ್‌ಸಿಎ2ಕ್ಕೆ ಶೇ. 76 ಎಂದಾಯಿತು. 60ರೊಳಗೆ ನೋಡಿದರೆ ಎರಡರ ನಡುವಿನ ಅಂತರ ದೊಡ್ಡದು: ಶೇ. 60 ಮತ್ತು ಶೇ. 33.

ಈ ವಾಹಕ ಕುಟುಂಬಗಳಲ್ಲಿ ಅರ್ಧದಷ್ಟು ಕುಟುಂಬಗಳ ಚರಿತ್ರೆಯಲ್ಲಿ ವೈದ್ಯರ ಗಮನ ಸೆಳೆಯುವಂಥದ್ದು ಏನೂ ಇರಲಿಲ್ಲ. ಕುಟುಂಬ ಚಿಕ್ಕದಿದ್ದರೆ, ವಿಕೃತಿ ಎರಡು ತಲೆಮಾರು ಗಂಡಸರ ಮೂಲಕವೇ ಹರಿದಿದ್ದರೆ, ರೋಗ ಕಾಣಿಸಿಕೊಳ್ಳಲು ಹೆಂಗಸರೇ ಇರುವುದಿಲ್ಲ. ಲಂಡನ್ನಿನಲ್ಲಿ ಯಹೂದಿಗಳ ನಡುವೆ ನಡೆದ ಪ್ರಯೋಗವೂ ಕುಟುಂಬ ಚರಿತ್ರೆಯನ್ನೇ ನೆಚ್ಚಿದರೆ ಅರ್ಧಕ್ಕೂ ಹೆಚ್ಚು ವಾಹಕರು ತಪ್ಪಿಹೋಗುತ್ತಾರೆ ಎಂದು ತೋರಿಸಿತು. ಈ ಸಾಕ್ಷ್ಯಗಳ ಮೇಲೆಯೇ ಇಸ್ರೇಲ್ 2020ರಲ್ಲಿ ಅಶ್ಕೆನಾಜಿ ಹೆಂಗಸರ ಪರೀಕ್ಷೆಯನ್ನು ಸಾರ್ವಜನಿಕ ಆರೋಗ್ಯ ಸೇವೆಗೆ ಸೇರಿಸಿತು. ಇಂಗ್ಲೆಂಡಿನ ಎನ್‌ಎಚ್‌ಎಸ್ 2024ರಲ್ಲಿ, ಅಜ್ಜ ಅಜ್ಜಿಯರಲ್ಲಿ ಒಬ್ಬರಾದರೂ ಯಹೂದಿಯಾಗಿದ್ದ ವಯಸ್ಕರಿಗೆಲ್ಲ ಪರೀಕ್ಷೆ ತೆರೆಯಿತು.

ಇದರಲ್ಲಿ ನಮಗೇನು ಸಂಬಂಧ? ಒಳಗುಂಪಿನ ಮದುವೆಯ ಚರಿತ್ರೆ ಭಾರತದ ಜಾತಿಗಳಿಗೂ ಇದೆ. ಹೈದರಾಬಾದಿನ ಸಂಶೋಧನಾ ಸಂಸ್ಥೆ ಸಿಸಿಎಂಬಿಯ ಕುಮಾರಸ್ವಾಮಿ ತಂಗರಾಜ್ ಮತ್ತು ಅಮೆರಿಕದ ಡೇವಿಡ್ ರೈಕ್ ತಂಡಗಳ 2017ರ ಅಧ್ಯಯನ ದಕ್ಷಿಣ ಏಷ್ಯಾದ 263 ಗುಂಪುಗಳಲ್ಲಿ 81ರ ಸ್ಥಾಪಕ ಪರಿಣಾಮ ಅಶ್ಕೆನಾಜಿಗಳದ್ದಕ್ಕಿಂತಲೂ ಬಲವಾದದ್ದು ಎಂದು ಕಂಡಿತು. ಆಂಧ್ರ, ತೆಲಂಗಾಣ, ಕರ್ನಾಟಕಗಳಲ್ಲಿರುವ ವೈಶ್ಯರಲ್ಲಿ ಅರಿವಳಿಕೆಯ ಕೆಲವು ಔಷಧಿಗಳನ್ನು ದೇಹ ಬೇಗ ಕರಗಿಸಲಾರದ ಆನುವಂಶಿಕ ಕೊರತೆ ಹೆಚ್ಚಿರುವುದು ಇದರ ಪ್ರಸಿದ್ಧ ಉದಾಹರಣೆ. ಇಲ್ಲಿ ಒಂದು ಗೊಂದಲ ನಿವಾರಿಸಬೇಕು. ನಮ್ಮಲ್ಲಿ ಆನುವಂಶಿಕ ರೋಗವೆಂದರೆ ಸೋದರಮಾವನ ಮದುವೆಯ ಮಾತು ಮೊದಲು ಬರುತ್ತದೆ. ಎರಡು ಕೆಟ್ಟ ಪ್ರತಿ ಬೇಕಾದ ರೋಗಗಳಿಗೆ ಅದು ಸರಿ. ಬಿಆರ್‌ಸಿಎ ಅಪಾಯಕ್ಕೆ ಒಂದೇ ಪ್ರತಿ ಸಾಕು, ಮದುವೆ ದೂರದ್ದಾದರೂ ಅದು ತಪ್ಪುವುದಿಲ್ಲ.

185ಡೆಲ್‌ಎಜಿ ದಕ್ಷಿಣ ಭಾರತದಲ್ಲೂ ಇದೆ. ಚೆನ್ನೈನ ರೋಗಿಗಳಲ್ಲಿ ಅದು ಪದೇಪದೇ ಕಂಡಿರುವುದು 2009ರಲ್ಲಿ ವರದಿಯಾಯಿತು. ಹಾಗೆಂದು ಇದನ್ನು ಯಹೂದಿ ಸಂಬಂಧದ ಕುರುಹೆಂದು ಓದಬಾರದು. ಆ ವಿಕೃತಿ ಯಹೂದ್ಯೇತರರಲ್ಲಿ ಕನಿಷ್ಠ ಎರಡು ಬಾರಿ ಸ್ವತಂತ್ರವಾಗಿ ಹುಟ್ಟಿದೆ ಎಂದು ಸುತ್ತಲಿನ ಡಿಎನ್‌ಎ ಗುರುತುಗಳ ಹೋಲಿಕೆ ತೋರಿಸಿದೆ. ಅಶ್ಕೆನಾಜಿಗಳ ಮೂರು ವಿಕೃತಿಗಳ ಪಟ್ಟಿಯನ್ನು ಇಲ್ಲಿಗೆ ಎರವಲು ತಂದರೂ ಪ್ರಯೋಜನವಿಲ್ಲ, ನಮ್ಮ ರೋಗಿಗಳಲ್ಲಿ ವಿಕೃತಿಗಳು ಎರಡೂ ವಂಶವಾಹಿಗಳ ಉದ್ದಕ್ಕೂ ಹರಡಿವೆ. ಬೆಂಗಳೂರಿನ ಸ್ಟ್ರಾಂಡ್ ಲೈಫ್ ಸೈನ್ಸಸ್ ಸಾವಿರಕ್ಕೂ ಹೆಚ್ಚು ಭಾರತೀಯ ರೋಗಿಗಳನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ವರದಿಯಲ್ಲಿ ಸುಮಾರು ಶೇ. 30 ಮಂದಿಯಲ್ಲಿ ವಿಕೃತಿಗಳಿದ್ದವು. ಅವರು ಪರೀಕ್ಷೆಗೆ ಬಂದ ರೋಗಿಗಳು. ಆ ಸಂಖ್ಯೆಯನ್ನು ಜನಸಮುದಾಯದ ಪ್ರಮಾಣವೆಂದು ಉಲ್ಲೇಖಿಸಿದರೆ 1990ರ ದಶಕದ ಹಳೆಯ ತಪ್ಪನ್ನೇ ಮತ್ತೆ ಮಾಡಿದಂತೆ.

ಬೆಂಗಳೂರಿನ ಕ್ಯಾನ್ಸರ್ ನೋಂದಣಿ 1980ರ ದಶಕದ ಆರಂಭದಿಂದ ರೋಗಿಗಳನ್ನು ಎಣಿಸುತ್ತಿದೆ. ಆರೋಗ್ಯವಂತ ವಾಹಕರ ಎಣಿಕೆ ಅದರ ವ್ಯಾಪ್ತಿಯಲ್ಲಿಲ್ಲ. ಕುಟುಂಬ ಚರಿತ್ರೆ ಕೇಳಿ ಆ ಕೊರತೆ ತುಂಬುತ್ತೇವೆ ಎಂದರೆ ನಮ್ಮ ಮನೆಗಳ ರೀತಿ ಅಡ್ಡ ಬರುತ್ತದೆ. ತಾಯಿ, ದೊಡ್ಡಮ್ಮ, ಚಿಕ್ಕಮ್ಮಂದಿರ ಕಾಯಿಲೆ ಎಲ್ಲರಿಗೂ ನೆನಪಿರುತ್ತದೆ. ದೂರದೂರಿಗೆ ಕೊಟ್ಟ ಸೋದರತ್ತೆ “ಹೊಟ್ಟೆಯಲ್ಲಿ ಗಡ್ಡೆಯಾಗಿ” ತೀರಿಕೊಂಡದ್ದು ಯಾವ ಕಡತಕ್ಕೂ ಸೇರುವುದಿಲ್ಲ. ಹೆಣ್ಣುಮಕ್ಕಳ ಮದುವೆಗೆ ತೊಡಕಾದೀತೆಂದು ಕ್ಯಾನ್ಸರನ್ನು ಮುಚ್ಚಿಡುವ ಮನೆಗಳೂ ಕಡಿಮೆಯಿಲ್ಲ. ಜಾತಿಯ ಹೆಸರಿನಲ್ಲಿ ಫಲಿತಾಂಶ ಪ್ರಕಟಿಸುವ ಸಂಶೋಧಕರು ಈ ಭಯವನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಸಮುದಾಯದವರ ಒಪ್ಪಿಗೆ, ಗೋಪ್ಯತೆ, ಫಲಿತಾಂಶದ ನಂತರದ ಆಪ್ತಸಲಹೆ ಇಲ್ಲದೆ ಮಾದರಿ ಸಂಗ್ರಹಕ್ಕೆ ಕೈ ಹಾಕಕೂಡದು.

ನಮ್ಮಲ್ಲೂ ಆರೋಗ್ಯವಂತ ವಾಹಕರ ಎಣಿಕೆ ಹೀಗೆ ಎಚ್ಚರದಿಂದ ನಡೆಯಬೇಕು; ಅಲ್ಲಿಯವರೆಗೂ ಮಾಡಬಹುದಾದ ಕೆಲಸಗಳಿವೆ. ಅಂಡಾಶಯದ ಕ್ಯಾನ್ಸರ್ ಇರುವ ಪ್ರತಿಯೊಬ್ಬ ಮಹಿಳೆಗೂ ಕುಟುಂಬ ಚರಿತ್ರೆ ಏನೇ ಇರಲಿ ಸರಕಾರಿ ಆಸ್ಪತ್ರೆಗಳಲ್ಲಿ ಬಿಆರ್‌ಸಿಎ ಪರೀಕ್ಷೆ ಉಚಿತವಾಗಿ ಸಿಗಬೇಕು. ವಿಕೃತಿ ಕಂಡರೆ ಆಕೆಯ ಅಣ್ಣತಮ್ಮಂದಿರನ್ನೂ ಪರೀಕ್ಷೆಗೆ ಕರೆಯಬೇಕು. ಕ್ಯಾನ್ಸರ್ ವಿಭಾಗಗಳ ಪ್ರಶ್ನಾವಳಿಯಲ್ಲಿ ತಂದೆಯ ತಾಯಿ ಮತ್ತು ಸೋದರತ್ತೆಯರಿಗೆ ಪ್ರತ್ಯೇಕ ಕಾಲಂ ಸೇರಿಸಲು ಹಣವೂ ಬೇಕಿಲ್ಲ, ಅನುಮತಿಯೂ ಬೇಕಿಲ್ಲ. ವೈದ್ಯ ಓದುಗರು ಅದನ್ನು ಈ ವಾರವೇ ಮಾಡಬೇಕೆಂದು ಕೇಳಿಕೊಳ್ಳುತ್ತೇನೆ.